ನಿಮ್ಮ ಪ್ರೋಗ್ರಾಮಿಗೆ ಬಳಕೆದಾರರ ಸ್ವಂತ ಸೆಟ್ಟಿಂಗ್ ಫೈಲ್: ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ತಪ್ಪುತ್ತದೆ

"ಸರ್, ಫೈಲ್ ಚೇಂಜ್ ಮಾಡೀನ್ರಿ, ಆದ್ರ ಪ್ರೋಗ್ರಾಮ್‌ನ್ಯಾಗ ಏನೂ ಬದಲಾಗವಲ್ದು." ವಿಜಯಪುರ, ಬಾಗಲಕೋಟೆಯ ಕಾಲೇಜು ಹುಡುಗರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರೋಗ್ರಾಮ್ ಚೆನ್ನಾಗಿ ಬರೆದಿರುತ್ತಾರೆ, ಲೆಕ್ಕ ಸರಿ ಇರುತ್ತದೆ. ಆದರೆ ಬಳಸುವವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಲಿ ಅಂತ ಒಂದು ಸೆಟ್ಟಿಂಗ್ ಫೈಲ್ ಕೊಟ್ಟ ಕೂಡಲೇ ಎಲ್ಲವೂ ಗೋಜಲಾಗುತ್ತದೆ. ತಪ್ಪುಗಳು ಪ್ರತಿ ಸಲವೂ ಹೆಚ್ಚುಕಡಿಮೆ ಅವೇ. ಅದಕ್ಕೇ ಇದನ್ನು ಒಂದೇ ಕಡೆ, ಕ್ರಮವಾಗಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಒಂದೇ ಪ್ರೋಗ್ರಾಮ್ ಇಟ್ಟುಕೊಳ್ಳೋಣ. ವಿಜಯಪುರದ ಒಂದು ಒಣದ್ರಾಕ್ಷಿ ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿ. ರೈತರ ಮಾಲು ತೂಗಿ, ಮಾರಿದ ಮೇಲೆ ಲೆಕ್ಕದ ಪಟ್ಟಿ ಪ್ರಿಂಟ್ ಮಾಡಿ ಕೊಡುವ ಪ್ರೋಗ್ರಾಮ್. ಅದನ್ನು ಇಬ್ಬರು ಗುಮಾಸ್ತರು ಬಳಸುತ್ತಾರೆ. ಪೈಥಾನ್‌ನಲ್ಲಿ ಬರೆದದ್ದು ಅಂತ ತಿಳಿದುಕೊಳ್ಳಿ. ಬೇರೆ ಭಾಷೆಯಲ್ಲಿ ಬರೆಯುವವರಿಗೂ ಕ್ರಮ ಇದೇ, ಹೆಸರುಗಳು ಮಾತ್ರ ಬೇರೆ.

## ಮೊದಲು ಕೈಗೆ ಬೇಕಾದದ್ದು

ಸೆಟ್ಟಿಂಗ್ ಫೈಲ್ ಓದಲು ಪೈಥಾನ್ ಜೊತೆಗೇ ಬರುವ ಕಾನ್ಫಿಗ್‌ಪಾರ್ಸರ್ ಸಾಕು. ಪಿಪ್‌ನಿಂದ ಪ್ಲಾಟ್‌ಫಾರ್ಮ್‌ಡರ್ಸ್ ಅನ್ನೋ ಚಿಕ್ಕ ಲೈಬ್ರರಿ ಹಾಕಿಕೊಳ್ಳಿ, ಫೈಲ್ ಎಲ್ಲಿಡಬೇಕು ಅಂತ ಅದು ಹೇಳುತ್ತದೆ. ಫೈಲಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ರೀತಿ) ತೋರಿಸುವ ಒಂದು ಟೆಕ್ಸ್ಟ್ ಎಡಿಟರ್ ಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಇನ್ನೊಂದು ಯೂಸರ್ ಅಕೌಂಟ್ ಕೂಡ ಮಾಡಿಕೊಳ್ಳಿ. ಇದನ್ನು ಬಹಳ ಜನ ಬಿಡುತ್ತಾರೆ. ಒಂದೇ ಅಕೌಂಟಿನಲ್ಲಿ ಪರೀಕ್ಷೆ ಮಾಡಿದರೆ ಮುಂದೆ ಹೇಳುವ ತಪ್ಪುಗಳಲ್ಲಿ ಅರ್ಧ ನಿಮಗೆ ಕಾಣಿಸುವುದೇ ಇಲ್ಲ.

## ಹಂತ 1: ಯಾವುದು ವ್ಯಕ್ತಿಯದು, ಯಾವುದು ಅಂಗಡಿಯದು?

ಕೋಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು ಬದಲಾಗಬಹುದಾದ ಎಲ್ಲವನ್ನೂ ಬರೆಯಿರಿ. ಪ್ರಿಂಟರ್ ಹೆಸರು, ಅಕ್ಷರದ ಗಾತ್ರ, ಪಟ್ಟಿಯ ಎಷ್ಟು ಪ್ರತಿ ಬೇಕು, ತೆರೆಯ ಮೇಲಿನ ಭಾಷೆ, ಹಮಾಲಿ ದರ, ಅಂಗಡಿಯ ಹೆಸರು, ಪೈಸೆಯನ್ನು ಹೇಗೆ ರೌಂಡ್ ಮಾಡಬೇಕು, ಹೀಗೆ.

ಈಗ ಮೂರು ಗುಂಪು ಮಾಡಿ. ಅಕ್ಷರದ ಗಾತ್ರ, ಭಾಷೆ, ಪ್ರಿಂಟರ್ ಇವು ಒಬ್ಬ ವ್ಯಕ್ತಿಯ ಅನುಕೂಲ. ಬೆಳಗಾವಿಯಲ್ಲಿ ಒಂದೇ ಮೇಜಿನಲ್ಲಿ ಬೆಳಿಗ್ಗೆ ಕೂರುವವರಿಗೆ ಕನ್ನಡ, ಮಧ್ಯಾಹ್ನ ಕೂರುವವರಿಗೆ ಮರಾಠಿ ಬೇಕಾಗಬಹುದು. ಅದು ವೈಯಕ್ತಿಕ ಫೈಲಿಗೆ ಹೇಳಿ ಮಾಡಿಸಿದ ವಿಷಯ. ಹಮಾಲಿ ದರ ಹಾಗಲ್ಲ. ಅದು ಅಂಗಡಿಯ ವಿಷಯ. ಅದನ್ನು ಗುಮಾಸ್ತರ ಸ್ವಂತ ಫೈಲಿಗೆ ಹಾಕಿದರೆ ಒಂದೇ ದಿನ ಒಂದೇ ಅಂಗಡಿಯಿಂದ ಇಬ್ಬರು ರೈತರಿಗೆ ಎರಡು ದರದ ಪಟ್ಟಿ ಹೋಗುತ್ತದೆ, ಯಾರೂ ಬೇಕಂತ ಮಾಡಿರುವುದಿಲ್ಲ, ಆದರೆ ಜಗಳ ಮಾತ್ರ ಗುಮಾಸ್ತರ ಮೇಜಿನ ಮುಂದೆಯೇ ಆಗುತ್ತದೆ. ಮೂರನೇ ಗುಂಪು, ಯಾರೂ ಮುಟ್ಟಬಾರದ್ದು: ತೂಕದಿಂದ ಹಣ ಲೆಕ್ಕ ಹಾಕುವ ಸೂತ್ರ, ರೌಂಡ್ ಮಾಡುವ ನಿಯಮ. ಅವು ಕೋಡ್‌ನಲ್ಲೇ ಇರಲಿ.

ಎಚ್ಚರಿಕೆಯ ಗುರುತು: ಒಂದು ಸೆಟ್ಟಿಂಗ್ ಬದಲಿಸಿದರೆ ಪಕ್ಕದವರ ಲೆಕ್ಕವೂ ತಪ್ಪುತ್ತದೆ ಅನ್ನಿಸಿದರೆ ಅದು ವೈಯಕ್ತಿಕ ಸೆಟ್ಟಿಂಗ್ ಅಲ್ಲ.

ಸೆಟ್ಟಿಂಗ್‌ಗಳ ಪಟ್ಟಿ ಚಿಕ್ಕದಾಗಿರಲಿ. ಮೊದಲ ಸಲಕ್ಕೆ ಐದಾರು ಸೆಟ್ಟಿಂಗ್ ಸಾಕು. ಸೇರಿಸುವುದು ಸುಲಭ, ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಕಷ್ಟ.

## ಹಂತ 2: ಫೈಲ್ ಇಲ್ಲದೆಯೂ ಓಡಬೇಕು

ಪ್ರತಿಯೊಂದು ಸೆಟ್ಟಿಂಗಿಗೂ ಕೋಡ್‌ನಲ್ಲೇ ಒಂದು ಡಿಫಾಲ್ಟ್ ಬೆಲೆ ಇಡಿ, ಅಂದರೆ ಯಾರೂ ಬದಲಿಸದಿದ್ದಾಗ ಬಳಸುವ ಮೌಲ್ಯ (ಇಲ್ಲಿ ಬೆಲೆ ಅಂದರೆ ಹಣ ಅಲ್ಲ). ಒಂದೇ ಜಾಗದಲ್ಲಿ, ಒಂದೇ ಡಿಕ್ಷನರಿಯಲ್ಲಿ. ಹತ್ತು ಕಡೆ ಹರಡಿದ ಡಿಫಾಲ್ಟ್ ಅಂದರೆ ಹತ್ತು ಕಡೆ ತಪ್ಪು.

ಆಮೇಲೆ ಫೈಲ್ ಅಳಿಸಿ ಪ್ರೋಗ್ರಾಮ್ ಓಡಿಸಿ ನೋಡಿ. ಓಡದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ವೈಯಕ್ತಿಕ ಫೈಲಿನಲ್ಲಿ ಆ ವ್ಯಕ್ತಿ ಬದಲಿಸಿದ್ದಷ್ಟೇ ಇರಬೇಕು, ಒಂದು ಸಾಲಾದರೆ ಒಂದೇ ಸಾಲು. ಬಹಳ ಜನ ಮೊದಲ ಸಲ ಓಡಿಸಿದಾಗಲೇ ಎಲ್ಲ ಡಿಫಾಲ್ಟ್‌ಗಳನ್ನೂ ಬಳಕೆದಾರರ ಫೈಲಿಗೆ ಬರೆದುಬಿಡುತ್ತಾರೆ. ಮುಂದೆ ನೀವು ಒಂದು ಡಿಫಾಲ್ಟ್ ಸುಧಾರಿಸಿದರೂ ಅವರಿಗೆ ಅದು ತಲುಪುವುದಿಲ್ಲ, ಯಾಕಂದರೆ ಹಳೆಯ ಬೆಲೆ ಅವರ ಫೈಲಿನಲ್ಲಿ ಕೂತಿರುತ್ತದೆ. ಅದನ್ನು ಅವರೇ ಬೇಕಂತ ಇಟ್ಟರೋ ನೀವು ಬರೆದದ್ದೋ ಅಂತ ಆಮೇಲೆ ಗೊತ್ತಾಗುವುದಿಲ್ಲ. ಮಾದರಿ ಕೊಡಬೇಕೆಂದರೆ ಪ್ರತಿ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದ ಮಾದರಿ ಫೈಲ್ ಬೇರೆ ಕೊಡಿ.

## ಹಂತ 3: ಫೈಲ್ ಎಲ್ಲಿ ಇರಬೇಕು

"ಏನೂ ಬದಲಾಗವಲ್ದು" ಅನ್ನುವ ದೂರಿನ ಬೇರು ಬಹುಪಾಲು ಇಲ್ಲೇ ಇರುತ್ತದೆ. ಹುಡುಗರು ಫೈಲಿನ ಹೆಸರನ್ನಷ್ಟೇ ಕೊಟ್ಟು ಓಪನ್ ಮಾಡುತ್ತಾರೆ, ಪೂರ್ತಿ ದಾರಿ ಕೊಡುವುದಿಲ್ಲ. ಆಗ ಪ್ರೋಗ್ರಾಮ್ ತಾನು ಇರುವ ಫೋಲ್ಡರ್ ನೋಡುವುದಿಲ್ಲ, ಯಾವ ಫೋಲ್ಡರಿನಿಂದ ಶುರು ಮಾಡಿದ್ದೀರೋ ಅಲ್ಲಿ ಹುಡುಕುತ್ತದೆ. ಟರ್ಮಿನಲ್‌ನಿಂದ ಓಡಿಸಿದಾಗ ಒಂದು ಫೈಲ್, ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನಿಂದ ಓಡಿಸಿದಾಗ ಬೇರೆ ಫೈಲ್, ಅಥವಾ ಫೈಲೇ ಇಲ್ಲ.

ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲೇ ಇಡೋಣ ಅಂದರೆ ಅದೂ ಸರಿಯಲ್ಲ. ವಿಂಡೋಸ್‌ನ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಸಾಮಾನ್ಯ ಯೂಸರ್‌ಗೆ ಬರೆಯುವ ಅನುಮತಿ ಇರುವುದಿಲ್ಲ. ಪೈಇನ್‌ಸ್ಟಾಲರ್‌ನಿಂದ ಒಂದೇ ಎಕ್ಸಿ ಫೈಲ್ ಮಾಡಿ ಹಂಚುವವರು ಇನ್ನೂ ಹುಷಾರಾಗಿರಬೇಕು. ಅದು ಓಡುವಾಗ ತನ್ನನ್ನು ಒಂದು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತದೆ, ಮುಗಿದ ಮೇಲೆ ಆ ಫೋಲ್ಡರ್ ಅಳಿಸಿಹೋಗುತ್ತದೆ. ಸ್ಕ್ರಿಪ್ಟ್ ಪಕ್ಕದಲ್ಲಿ ಅಂತ ಬರೆದ ಸೆಟ್ಟಿಂಗ್ ಅದರ ಜೊತೆಗೇ ಹೋಯಿತು.

ಸರಿಯಾದ ಜಾಗ ಆ ವ್ಯಕ್ತಿಯ ಸ್ವಂತ ಫೋಲ್ಡರ್. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನೊಳಗಿನ ಡಾಟ್ ಕಾನ್ಫಿಗ್, ಅದರೊಳಗೆ ನಿಮ್ಮ ಪ್ರೋಗ್ರಾಮಿನ ಹೆಸರಿನ ಫೋಲ್ಡರ್. ಎಕ್ಸ್‌ಡಿಜಿ ಕಾನ್ಫಿಗ್ ಹೋಮ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮಿಗೆ ಕೊಡುವ, ಹೆಸರಿಟ್ಟ ಬೆಲೆ) ಬೇರೆ ಜಾಗ ಇಟ್ಟಿದ್ದರೆ ಅದನ್ನು ಗೌರವಿಸಿ. ಅದು ಖಾಲಿ ಇದ್ದರೆ ಇಲ್ಲ ಅಂತಲೇ ತಿಳಿಯಬೇಕು, ಪೂರ್ತಿ ದಾರಿ ಅಲ್ಲದಿದ್ದರೆ ಬಿಟ್ಟುಬಿಡಬೇಕು. ವಿಂಡೋಸ್‌ನಲ್ಲಿ ಆಪ್‌ಡೇಟಾ ಒಳಗಿನ ರೋಮಿಂಗ್. ಮ್ಯಾಕ್‌ನಲ್ಲಿ ಲೈಬ್ರರಿ ಅನ್ನುವ ಫೋಲ್ಡರಿನೊಳಗಿನ ಅಪ್ಲಿಕೇಶನ್ ಸಪೋರ್ಟ್. ಪ್ಲಾಟ್‌ಫಾರ್ಮ್‌ಡರ್ಸ್ ಲೈಬ್ರರಿಯನ್ನು ಕೇಳಿದರೆ ಆಯಾ ಕಂಪ್ಯೂಟರಿನ ಜಾಗ ಅದೇ ಹೇಳುತ್ತದೆ. ವಿಂಡೋಸ್‌ನಲ್ಲಿ ಡಿಫಾಲ್ಟ್ ಆಗಿ ಅದು ರೋಮಿಂಗ್ ಬದಲು ಲೋಕಲ್ ಫೋಲ್ಡರ್ ಕೊಡುತ್ತದೆ, ರೋಮಿಂಗ್ ಬೇಕೆಂದರೆ ಅದನ್ನು ಆನ್ ಮಾಡಬೇಕು. ಎರಡರಲ್ಲಿ ಒಂದನ್ನು ಆರಿಸಿ, ಆಮೇಲೆ ಬದಲಿಸಬೇಡಿ.

ಆಪ್‌ಡೇಟಾ ಅಡಗಿದ ಫೋಲ್ಡರ್. ಗುಮಾಸ್ತರಿಗೆ ಅದನ್ನು ಹುಡುಕಿ ಅಂತ ಫೋನಿನಲ್ಲಿ ಹೇಳುತ್ತಾ ಕೂತರೆ ಅರ್ಧ ಗಂಟೆ ಹೋಗುತ್ತದೆ. ಮೆನುವಿನಲ್ಲಿ "ನನ್ನ ಸೆಟ್ಟಿಂಗ್ ಫೈಲ್ ತೆರೆ" ಅಂತ ಒಂದು ಬಟನ್ ಇಡಿ. ಫೈಲ್ ಇಲ್ಲದಿದ್ದರೆ ಮಾದರಿ ಫೈಲಿನ ನಕಲು ಅಲ್ಲಿಟ್ಟು ತೆರೆಯಲಿ. ಇದರಿಂದ ಇನ್ನೊಂದು ತೊಂದರೆಯೂ ತಪ್ಪುತ್ತದೆ: ನೋಟ್‌ಪ್ಯಾಡ್‌ನಲ್ಲಿ ಹೊಸ ಫೈಲ್ ಉಳಿಸಿದಾಗ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ, ವಿಂಡೋಸ್ ಅದನ್ನು ಮರೆಮಾಡುತ್ತದೆ. ನೋಡಲು ಹೆಸರು ಸರಿಯಾಗೇ ಇರುತ್ತದೆ, ಪ್ರೋಗ್ರಾಮಿಗೆ ಮಾತ್ರ ಸಿಗುವುದಿಲ್ಲ.

ಲಿನಕ್ಸ್‌ನಲ್ಲಿ ಸುಡೋ ಹಾಕಿ ಓಡಿಸಿದರೆ ಹೋಮ್ ಫೋಲ್ಡರ್ ರೂಟ್ ಅನ್ನುವ ಅಡ್ಮಿನ್ ಅಕೌಂಟಿನದ್ದಾಗಬಹುದು. ನಿಗದಿತ ಸಮಯಕ್ಕೆ ತಾನೇ ಓಡಿಸುವ ಕ್ರಾನ್‌ನಿಂದ ಓಡಿಸಿದರೆ ಕ್ರಾನ್ ಯಾರ ಹೆಸರಿನಲ್ಲಿದೆಯೋ ಅವರ ಫೈಲ್. ಇದೂ ನೆನಪಿರಲಿ.

## ಹಂತ 4: ಯಾವ ರೂಪದ ಫೈಲ್

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮನುಷ್ಯರು ಕೈಯಿಂದ ತಿದ್ದುವ ಫೈಲಿಗೆ ಜೇಸನ್ (JSON) ರೂಪ ಬೇಡ. ಅದರಲ್ಲಿ ಟಿಪ್ಪಣಿ ಬರೆಯಲು ಜಾಗವಿಲ್ಲ, ಕೊನೆಯ ಸಾಲಿನ ನಂತರ ಒಂದು ಅಲ್ಪವಿರಾಮ ಉಳಿದರೂ ಇಡೀ ಫೈಲ್ ಓದುವುದಿಲ್ಲ. ಯಾಮಲ್ (YAML) ರೂಪದಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಕಂಪ್ಯೂಟರ್ ಓದಿದವರಿಗೇ ಅದು ಕೈ ಕೊಡುತ್ತದೆ, ಅಂಗಡಿಯಲ್ಲಿ ಕೂತವರ ಮೇಲೆ ಯಾಕೆ ಹೇರಬೇಕು? ಪೈಥಾನ್ ಫೈಲನ್ನೇ ಸೆಟ್ಟಿಂಗ್ ಮಾಡಿ ಓಡಿಸುವುದಂತೂ ಬೇಡವೇ ಬೇಡ. ಯಾರಾದರೂ ಕಳಿಸಿದ ಸೆಟ್ಟಿಂಗ್ ಫೈಲ್ ಹಾಕಿಕೊಂಡರೆ ಅದರಲ್ಲಿರುವ ಯಾವ ಆಜ್ಞೆ ಬೇಕಾದರೂ ಓಡುತ್ತದೆ.

ಟಾಮ್ಲ್ (TOML) ರೂಪ ಒಳ್ಳೆಯದು. ಪೈಥಾನ್ 3.11ರಿಂದ ಅದನ್ನು ಓದುವ ಟಾಮ್‌ಲಿಬ್ ಜೊತೆಗೇ ಬರುತ್ತದೆ. ಓದಲು ಮಾತ್ರ, ಬರೆಯಲು ಅಲ್ಲ. ಆದರೆ ಅದರ 1.0 ನಿಯಮದಲ್ಲಿ ಕನ್ನಡದ ಕೀ (ಸೆಟ್ಟಿಂಗಿನ ಹೆಸರು) ಬರೆಯಬೇಕೆಂದರೆ ಪ್ರತಿ ಕೀಯನ್ನೂ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಐಎನ್‌ಐ ರೂಪವನ್ನು ಕಾನ್ಫಿಗ್‌ಪಾರ್ಸರ್‌ನಿಂದ ಓದಿದರೆ ಕನ್ನಡ ಕೀಗಳು ನೇರವಾಗಿ ನಡೆಯುತ್ತವೆ. ನಮ್ಮ ಪಟ್ಟಿ ಪ್ರೋಗ್ರಾಮಿಗೆ ನಾನು ಅದನ್ನೇ ಆರಿಸುತ್ತೇನೆ:

[ಮುದ್ರಣ]
# ಪಟ್ಟಿಯ ಎಷ್ಟು ಪ್ರತಿ ಬೇಕು
ಪ್ರತಿ = 2
ಪ್ರಿಂಟರ್ = ಮುಂದಿನ ಮೇಜು

[ತೆರೆ]
ಭಾಷೆ = ಕನ್ನಡ
ಅಕ್ಷರ_ಗಾತ್ರ = 18
ಗಂಟೆ_ತೋರಿಸು = ಹೌದು

ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಗುಮಾಸ್ತರು ಓದುತ್ತಾರೆ, 18 ಅಳಿಸಿ 22 ಬರೆಯುತ್ತಾರೆ, ಮುಗಿಯಿತು.

## ಹಂತ 5: ಯಾವುದರ ಮೇಲೆ ಯಾವುದು

ಓದುವ ಕ್ರಮ ಹೀಗಿರಲಿ. ಮೊದಲು ಕೋಡ್‌ನ ಡಿಫಾಲ್ಟ್. ಅದರ ಮೇಲೆ ಅಂಗಡಿಯ ಸಾಮಾನ್ಯ ಫೈಲ್. ಅದರ ಮೇಲೆ ವ್ಯಕ್ತಿಯ ಫೈಲ್. ಆಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್, ಕೊನೆಗೆ ಕಮಾಂಡ್ ಲೈನ್‌ನಲ್ಲಿ ಕೊಟ್ಟದ್ದು. ನಂತರ ಬಂದದ್ದು ಮೊದಲಿನದನ್ನು ಮುಚ್ಚುತ್ತದೆ.

ಎರಡು ತಪ್ಪು ಇಲ್ಲಿ ಸಾಮಾನ್ಯ. ಒಂದು, ಡಿಕ್ಷನರಿಯೊಳಗೆ ಡಿಕ್ಷನರಿ ಇಟ್ಟು ಅಪ್‌ಡೇಟ್ ಅಂತ ಕರೆಯುವುದು. ಬಳಕೆದಾರರು ಮುದ್ರಣ ವಿಭಾಗದಲ್ಲಿ "ಪ್ರತಿ" ಅನ್ನುವ ಒಂದೇ ಸಾಲು ಬರೆದಿದ್ದರೆ, ಆ ವಿಭಾಗದ ಉಳಿದ ಡಿಫಾಲ್ಟ್‌ಗಳೆಲ್ಲ ಹೋಗಿ ಪ್ರಿಂಟರ್ ಸಿಗಲಿಲ್ಲ ಅಂತ ಎರರ್ ಬರುತ್ತದೆ. ಕೀ ಕೀಯಾಗಿ ಸೇರಿಸಬೇಕು. ಕಾನ್ಫಿಗ್‌ಪಾರ್ಸರ್‌ಗೆ ಒಂದಾದ ಮೇಲೊಂದು ಫೈಲ್ ಓದಿಸಿದರೆ ಅದು ಹಾಗೇ ಸೇರಿಸುತ್ತದೆ. ಎರಡು, ಹಮಾಲಿ ದರದಂಥ ಅಂಗಡಿಯ ಸೆಟ್ಟಿಂಗನ್ನು ವ್ಯಕ್ತಿಯ ಫೈಲಿನಿಂದಲೂ ಒಪ್ಪಿಕೊಳ್ಳುವುದು. ಅಂಥ ಕೀ ಅಲ್ಲಿ ಕಂಡರೆ "ಇದನ್ನು ಇಲ್ಲಿ ಬದಲಿಸುವಂತಿಲ್ಲ" ಅಂತ ಹೇಳಿ ಬಿಡಿ. ಸುಮ್ನೆ ಕಡೆಗಣಿಸಬೇಡಿ.

## ಹಂತ 6: ಓದುವುದು

ಕಾನ್ಫಿಗ್‌ಪಾರ್ಸರ್‌ನ ರೀಡ್‌ಗೆ ಫೈಲ್ ಸಿಗದಿದ್ದರೆ ಅದು ಎರರ್ ಕೊಡುವುದಿಲ್ಲ, ಮಾತಿಲ್ಲದೆ ಮುಂದೆ ಹೋಗುತ್ತದೆ. ಆದ್ದರಿಂದ ಫೈಲನ್ನು ನೀವೇ ತೆರೆದು, ಪಠ್ಯವನ್ನು ಓದಿ, ಆಮೇಲೆ ರೀಡ್ ಸ್ಟ್ರಿಂಗ್‌ಗೆ ಕೊಡಿ. ಫೈಲ್ ಇಲ್ಲದಿದ್ದರೆ ತೊಂದರೆ ಇಲ್ಲ, ಇದ್ದೂ ಓದಲು ಅನುಮತಿ ಇಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ.

ತೆರೆಯುವಾಗ ಎನ್‌ಕೋಡಿಂಗ್ ಕೊಡಲೇಬೇಕು. ಕೊಡದಿದ್ದರೆ ವಿಂಡೋಸ್‌ನಲ್ಲಿ 3.14ರವರೆಗಿನ ಪೈಥಾನ್ ಕೋಡ್‌ಪೇಜ್ ಅನ್ನುವ ಹಳೆಯ ಎನ್‌ಕೋಡಿಂಗ್ ಹಿಡಿದು ಕನ್ನಡವನ್ನು ಕಲಸಿಬಿಡುತ್ತದೆ. ಬರೀ ಯುಟಿಎಫ್-8 ಅಂದರೂ ಸಾಲದು, ಯುಟಿಎಫ್-8-ಸಿಗ್ ಅಂತ ಕೊಡಿ. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8ರಲ್ಲಿ ಉಳಿಸಿದಾಗ ಫೈಲಿನ ತಲೆಗೆ ಬಾಮ್ ಅನ್ನೋ ಕಾಣದ ಮೂರು ಬೈಟ್ ಸೇರಿಸುತ್ತದೆ. ಮೊದಲ ಸಾಲಿನಲ್ಲಿ ವಿಭಾಗದ ಹೆಸರು ಕಣ್ಣಿಗೆ ಕಾಣುತ್ತಿದ್ದರೂ "ಮೊದಲ ಸಾಲಿನಲ್ಲಿ ವಿಭಾಗವಿಲ್ಲ" ಅಂತ ಎರರ್ ಬಂದರೆ ಕಾರಣ ಇದೇ.

ಕನ್ನಡಕ್ಕೇ ಸೇರಿದ ಮೂರು ವಿಷಯ. ಕೆಲವರು ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿ ತರುತ್ತಾರೆ. ಅದು ಆ ಫಾಂಟ್ ಇದ್ದಾಗ ಮಾತ್ರ ಕನ್ನಡ, ಫೈಲಿನೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಗೋಜಲು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಗೊತ್ತಾಗುತ್ತದೆ. ಅವರಿಗೆ ಯೂನಿಕೋಡ್ ಕೀಬೋರ್ಡ್‌ಗೆ ಬದಲಾಯಿಸಿಕೊಡಿ. ಎರಡನೆಯದು, "ತೋರಿಸು" ಪದದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಬಿಡಿ ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಓದಿದ ಪಠ್ಯವನ್ನು ಪೈಥಾನ್‌ನ ಯೂನಿಕೋಡ್‌ಡೇಟಾದಿಂದ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಸೇರಿಸಿದ ರೂಪ) ತನ್ನಿ. ಮೂರನೆಯದು, ಪ್ರಿಂಟರ್ ಅಂತ ಬರೆಯುವಾಗ ಕೊನೆಯ ಅರ್ಧಾಕ್ಷರದ ನಂತರ, ಅದು ಮುಂದಿನ ಅಕ್ಷರದ ಜೊತೆ ಒತ್ತಾಗಿ ಕೂಡದಂತೆ ತಡೆಯುವ ಒಂದು ಕಾಣದ ಗುರುತು (ಜೀರೋ ವಿಡ್ತ್ ನಾನ್-ಜಾಯ್ನರ್) ಕೆಲವು ಕೀಬೋರ್ಡ್‌ನಲ್ಲಿ ಬರುತ್ತದೆ, ಕೆಲವದರಲ್ಲಿ ಇಲ್ಲ. ಅದನ್ನು ಕೀಗಳಿಂದ ಮಾತ್ರ ತೆಗೆಯಿರಿ. ಬೆಲೆಗಳಿಂದ ತೆಗೆದರೆ ಜನರ ಹೆಸರು ಪಟ್ಟಿಯ ಮೇಲೆ ತಪ್ಪಾಗಿ ಪ್ರಿಂಟ್ ಆಗುತ್ತದೆ.

ಇನ್ನು ಕಾನ್ಫಿಗ್‌ಪಾರ್ಸರ್‌ನ ಸ್ವಭಾವಗಳು. ಕೀ ಇರುವ ಸಾಲಿನ ಮುಂದೆ ಯಾರಾದರೂ ಸ್ಪೇಸ್ ಬಿಟ್ಟರೆ ಅದು ಹೊಸ ಕೀ ಅಲ್ಲ, ಹಿಂದಿನ ಸಾಲಿನ ಬೆಲೆಯ ಮುಂದುವರಿಕೆ ಅಂತ ತಿಳಿಯುತ್ತದೆ. ಸಾಲಿನ ಕೊನೆಗೆ ಬರೆದ ಟಿಪ್ಪಣಿಯೂ ಬೆಲೆಯ ಭಾಗವಾಗುತ್ತದೆ, "18 # ದೊಡ್ಡದು" ಅಂತ ಬರೆದರೆ ಅಷ್ಟೂ ಬೆಲೆಯೇ. ಟಿಪ್ಪಣಿ ಪ್ರತ್ಯೇಕ ಸಾಲಿನಲ್ಲಿರಬೇಕು ಅಂತ ಮಾದರಿ ಫೈಲಿನ ತಲೆಯಲ್ಲೇ ಬರೆಯಿರಿ. "5%" ಅಂತ ಬರೆದರೆ ಶೇಕಡಾ ಚಿಹ್ನೆಯನ್ನು ಅದು ವಿಶೇಷ ಗುರುತು ಅಂದುಕೊಂಡು ಎರರ್ ಕೊಡುತ್ತದೆ. ಪಾರ್ಸರ್ ಮಾಡುವಾಗಲೇ ಇಂಟರ್‌ಪೊಲೇಶನ್ ಅನ್ನುವ ಈ ಸೌಲಭ್ಯವನ್ನು ಆಫ್ ಮಾಡಿ.

## ಹಂತ 7: ಬೆಲೆಯನ್ನು ಪರೀಕ್ಷಿಸಿ, ತಪ್ಪನ್ನು ಸರಿಯಾಗಿ ಹೇಳಿ

ಫೈಲಿನಿಂದ ಬರುವುದೆಲ್ಲ ಬರೀ ಪಠ್ಯ. "ಇಲ್ಲ" ಅಂತ ಬರೆದದ್ದನ್ನು ಪೈಥಾನ್‌ನ ಬೂಲ್‌ಗೆ ಕೊಟ್ಟರೆ ಹೌದು ಅಂತ ಬರುತ್ತದೆ, ಯಾಕಂದರೆ ಖಾಲಿ ಅಲ್ಲದ ಯಾವ ಪಠ್ಯವೂ ಅದಕ್ಕೆ ಹೌದೇ. ಗೆಟ್‌ಬೂಲಿಯನ್ ಬಳಸಿ. ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಪದಗಳು ಮತ್ತು 1, 0 ಮಾತ್ರ. ಬೂಲಿಯನ್ ಸ್ಟೇಟ್ಸ್ ಪಟ್ಟಿಗೆ ಹೌದು, ಇಲ್ಲ, ಬೇಕು, ಬೇಡ ಸೇರಿಸಿ, ನಾಲ್ಕು ಪದದ ಕೆಲಸ.

ಒಂದು ಖುಷಿಯ ವಿಷಯ: ಯಾರಾದರೂ ೧೮ ಅಂತ ಕನ್ನಡ ಅಂಕಿಯಲ್ಲಿ ಬರೆದರೂ ಪೈಥಾನ್‌ನ ಇಂಟ್ ಅದನ್ನು 18 ಅಂತಲೇ ಓದುತ್ತದೆ. ನೀವೇನೂ ಮಾಡಬೇಕಾಗಿಲ್ಲ. ಆದರೆ "1,200" ಅಂತ ಅಲ್ಪವಿರಾಮ ಹಾಕಿದರೆ ಎರರ್. ಹಣಕ್ಕೆ ಫ್ಲೋಟ್ ಬೇಡ, ಡೆಸಿಮಲ್ ಬಳಸಿ.

ಸಂಖ್ಯೆ ಆದ ಮೇಲೆ ಮಿತಿಯನ್ನೂ ನೋಡಿ. ಪ್ರತಿಗಳ ಸಂಖ್ಯೆ 2ರ ಬದಲು 22 ಆದರೆ ಪ್ರಿಂಟರ್ ಕಾಗದ ತಿನ್ನುತ್ತಾ ಕೂರುತ್ತದೆ. ತಪ್ಪು ಸಿಕ್ಕಾಗ ಏನು ಮಾಡಬೇಕು? ಅಕ್ಷರದ ಗಾತ್ರದಂಥದ್ದಾದರೆ ಎಚ್ಚರಿಸಿ ಡಿಫಾಲ್ಟ್ ಹಿಡಿಯಿರಿ. ಅಂಗಡಿಯ ಫೈಲಿನಲ್ಲಿ ಹಣಕ್ಕೆ ಸಂಬಂಧಿಸಿದ್ದು ತಪ್ಪಿದ್ದರೆ ಪ್ರೋಗ್ರಾಮ್ ನಿಲ್ಲಲಿ. ಊಹೆ ಮಾಡಿ ಪಟ್ಟಿ ಕೊಡುವುದಕ್ಕಿಂತ ಹತ್ತು ನಿಮಿಷ ನಿಲ್ಲುವುದು ಮೇಲು.

ಸಂದೇಶದಲ್ಲಿ ನಾಲ್ಕು ಮಾತು ಇರಬೇಕು: ಯಾವ ಫೈಲ್, ಯಾವ ಕೀ, ಏನು ಬರೆದಿದ್ದಾರೆ, ಏನು ಬರೆಯಬೇಕಿತ್ತು. "ನಿಮ್ಮ ಸೆಟ್ಟಿಂಗ್ ಫೈಲಿನಲ್ಲಿ ಪ್ರತಿ ಎದುರು 'ಎರಡು' ಅಂತ ಇದೆ. 1ರಿಂದ 5ರೊಳಗಿನ ಅಂಕಿ ಬರೆಯಿರಿ." ಇದನ್ನು ಓದಿ ಗುಮಾಸ್ತರು ತಾವೇ ಸರಿಮಾಡುತ್ತಾರೆ, ನಿಮಗೆ ಫೋನ್ ಬರುವುದಿಲ್ಲ.

ಗೊತ್ತಿಲ್ಲದ ಕೀ ಸಿಕ್ಕರೂ ಹೇಳಿ. ಅಕ್ಷರ_ಗಾತ್ರ ಅನ್ನುವುದನ್ನು ಅಕ್ಷರ_ಗಾತ್ರಾ ಅಂತ ಬರೆದವರಿಗೆ ಪ್ರೋಗ್ರಾಮ್ ಏನೂ ಹೇಳದಿದ್ದರೆ ಅವರು ಸಂಜೆವರೆಗೆ ಹುಡುಕುತ್ತಾರೆ. ಡಿಫ್‌ಲಿಬ್‌ನಲ್ಲಿ ಹತ್ತಿರದ ಪದ ಹುಡುಕಿಕೊಡುವ ಫಂಕ್ಷನ್ ಇದೆ, "ಅಕ್ಷರ_ಗಾತ್ರ ಅಂತ ಬರೆಯಬೇಕಿತ್ತೇ?" ಅಂತ ಕೇಳಿಸಿ.

## ಹಂತ 8: ಏನು ಓದಿದೆ ಅಂತ ತೋರಿಸುವ ಒಂದು ಆಜ್ಞೆ

ಸೆಟ್ಟಿಂಗ್ ತೋರಿಸು ಅಂತ ಒಂದು ಆಜ್ಞೆ ಅಥವಾ ಬಟನ್ ಕೊಡಿ. ಅದು ಪ್ರತಿ ಕೀ, ಈಗ ಜಾರಿಯಲ್ಲಿರುವ ಬೆಲೆ, ಆ ಬೆಲೆ ಎಲ್ಲಿಂದ ಬಂತು ಅನ್ನುವುದನ್ನು ತೋರಿಸಲಿ. ಹುಡುಕಿದ ಫೈಲ್‌ಗಳ ಪೂರ್ತಿ ದಾರಿ, ಸಿಕ್ಕಿತೋ ಇಲ್ಲವೋ ಅನ್ನುವುದೂ ಇರಲಿ. ಅರ್ಧ ದಿನದ ಕೆಲಸ. ಇದು ಇದ್ದರೆ ಮೊದಲು ಹೇಳಿದ "ಬದಲಾಗವಲ್ದು" ದೂರಿಗೆ ಕಾರಣ ಒಂದೇ ನಿಮಿಷದಲ್ಲಿ ಸಿಗುತ್ತದೆ.

## ಹಂತ 9: ಅವರ ಫೈಲನ್ನು ಅಳಿಸಬೇಡಿ

ಇದು ನನಗೇ ಆದದ್ದು. ಕೆಲವು ವರ್ಷದ ಹಿಂದೆ ಒಂದು ಅಂಗಡಿಗೆ ಇಂಥದ್ದೇ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಸೆಟ್ಟಿಂಗ್ ಫೈಲ್ ಪ್ರೋಗ್ರಾಮ್ ಫೋಲ್ಡರಿನಲ್ಲೇ ಇತ್ತು. ಒಣದ್ರಾಕ್ಷಿ ಬರುವ ಮಾರ್ಚ್ ತಿಂಗಳು, ಅಂಗಡಿ ತುಂಬಿತ್ತು, ನಾನು ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ನಕಲು ಮಾಡಿ ಮನೆಗೆ ಬಂದೆ. ನನ್ನ ಕಂಪ್ಯೂಟರಿನ ಸೆಟ್ಟಿಂಗ್ ಫೈಲ್ ಅವರದರ ಮೇಲೆ ಕೂತಿತು. ಹಮಾಲಿ ದರ ಹಳೆಯದಾಯಿತು. ಮಧ್ಯಾಹ್ನ ಹಮಾಲರೇ ಬಂದು ಕೇಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಬೆಳಗಿನಿಂದ ಕೊಟ್ಟ ಪಟ್ಟಿಗಳನ್ನೆಲ್ಲ ತಿರುಗಿ ಮಾಡಬೇಕಾಯಿತು. ಪಟ್ಟಿ ತೆಗೆದುಕೊಂಡು ಊರಿಗೆ ಹೋದ ರೈತರಿಗೆ ಸಾಹುಕಾರರು ಒಬ್ಬೊಬ್ಬರಿಗೇ ಫೋನ್ ಮಾಡಿದರು. ನನಗೆ ಇವತ್ತಿಗೂ ಅದು ಬೇಸರದ ನೆನಪು.

ಅದಕ್ಕೇ ಹೇಳುವುದು: ಇನ್‌ಸ್ಟಾಲ್ ಮಾಡುವ ಫೈಲುಗಳಲ್ಲಿ ಬಳಕೆದಾರರ ಸೆಟ್ಟಿಂಗ್ ಫೈಲ್ ಇರಲೇಬಾರದು. ಕೀಯ ಹೆಸರು ಬದಲಿಸಬೇಕಾದರೆ ಹಳೆಯ ಹೆಸರನ್ನೂ ಕೆಲವು ಆವೃತ್ತಿಗಳವರೆಗೆ ಒಪ್ಪಿಕೊಳ್ಳಿ, ಹೊಸ ಹೆಸರು ಯಾವುದು ಅಂತ ಹೇಳಿ. ಪ್ರೋಗ್ರಾಮೇ ಫೈಲಿಗೆ ಬರೆಯುವುದನ್ನು ಆದಷ್ಟು ತಪ್ಪಿಸಿ, ಕಾನ್ಫಿಗ್‌ಪಾರ್ಸರ್‌ನಿಂದ ಬರೆದರೆ ಅವರು ಬರೆದುಕೊಂಡ ಟಿಪ್ಪಣಿಗಳೆಲ್ಲ ಅಳಿಸಿಹೋಗುತ್ತವೆ. ಕಿಟಕಿಯ ಅಳತೆ, ಕೊನೆಯ ಸಲ ತೆರೆದ ಪುಟ ಇಂಥವನ್ನು ಪ್ರೋಗ್ರಾಮ್ ತನ್ನದೇ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಲಿ.

ಬರೆಯಲೇಬೇಕಾದರೆ ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಆಮೇಲೆ ಓಎಸ್ ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತನ್ನಿ. ನೇರವಾಗಿ ಬರೆಯುವಾಗ ಕರೆಂಟ್ ಹೋದರೆ ಅರ್ಧ ಫೈಲ್ ಉಳಿಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೊಸದಲ್ಲವಲ್ಲ.

## ಹಂತ 10: ಪಾಸ್‌ವರ್ಡ್

ಈ ಫೈಲಿನಲ್ಲಿ ಬೇಡ. ಜನ ತೊಂದರೆ ಬಂದಾಗ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಪಾಸ್‌ವರ್ಡ್ ಕೂಡ ಜೊತೆಗೆ ಹೋಗುತ್ತದೆ. ಬೇರೆ ಫೈಲಿನಲ್ಲಿ ಇಡಿ, ಲಿನಕ್ಸ್‌ನಲ್ಲಿ ಅದಕ್ಕೆ 600 ಅನುಮತಿ (ಮಾಲೀಕರು ಮಾತ್ರ ಓದಿ, ಬರೆಯುವಂಥದ್ದು) ಕೊಡಿ. ಹಂತ 8ರ ಆಜ್ಞೆಯಲ್ಲಿ ಅದು ಕಾಣಿಸದಂತೆ ನೋಡಿಕೊಳ್ಳಿ.

## ಹಂತ 11: ಕೊಡುವ ಮೊದಲು

ಫೈಲ್ ಇಲ್ಲದೆ ಓಡಿಸಿ. ಖಾಲಿ ಫೈಲ್ ಇಟ್ಟು ಓಡಿಸಿ. ಬಾಮ್ ಸಮೇತ ಉಳಿಸಿದ ಫೈಲ್ ಇಟ್ಟು ಓಡಿಸಿ. ಒಂದು ಕೀ ತಪ್ಪಾಗಿ ಬರೆದು, ಒಂದು ಸಂಖ್ಯೆಯ ಜಾಗದಲ್ಲಿ ಪದ ಬರೆದು ಸಂದೇಶ ಓದಿ ನೋಡಿ. ಬೇರೆ ಫೋಲ್ಡರಿನಿಂದ ಓಡಿಸಿ. ಮೊದಲು ಮಾಡಿಟ್ಟ ಎರಡನೇ ಅಕೌಂಟಿಗೆ ಹೋಗಿ ಅಕ್ಷರದ ಗಾತ್ರ ಬದಲಿಸಿ, ತಿರುಗಿ ಮೊದಲ ಅಕೌಂಟಿಗೆ ಬನ್ನಿ. ಇಲ್ಲಿಯೂ ಬದಲಾಗಿದ್ದರೆ ಫೈಲ್ ವೈಯಕ್ತಿಕವಾಗಿಲ್ಲ, ಹಂತ 3 ಇನ್ನೊಮ್ಮೆ ಓದಿ.

ಕೊನೆಗೆ ಅಂಗಡಿಗೆ ಹೋಗಿ, ಕೀಬೋರ್ಡ್ ಗುಮಾಸ್ತರ ಕೈಗೆ ಕೊಟ್ಟು, "ಅಕ್ಷರ ಸ್ವಲ್ಪ ದೊಡ್ಡದು ಮಾಡ್ಕೋರಿ" ಅಂತಷ್ಟೇ ಹೇಳಿ ಪಕ್ಕದಲ್ಲಿ ಕೂತುಕೊಳ್ಳಿ. ಬಾಯಿ ಬಿಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೆ, ಯಾವ ಪದದ ಮುಂದೆ ಕಣ್ಣು ಕಿರಿದು ಮಾಡುತ್ತಾರೆ, ಉಳಿಸಿದ ಮೇಲೆ ಪ್ರೋಗ್ರಾಮ್ ಮುಚ್ಚಿ ತೆರೆಯಬೇಕು ಅಂತ ಅವರಿಗೆ ಹೊಳೆಯುತ್ತದೋ ಇಲ್ಲವೋ, ಎಲ್ಲವನ್ನೂ ಬರೆದುಕೊಳ್ಳಿ. ನಮ್ಮ ಅಂಗಡಿಯಲ್ಲಿ ಅವರು ಆ ಕೊನೆಯ ಜಾಗದಲ್ಲೇ ನಿಂತರು. ಈಗ ಮಾದರಿ ಫೈಲಿನ ಮೊದಲ ಸಾಲು "ಉಳಿಸಿದ ಮೇಲೆ ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆಯಿರಿ" ಅಂತ ಇದೆ.